ಉಳಿದ ಮಕ್ಕಳಿಗೂ ಕೊಟ್ಟಿದ್ದೀರಾ?



ರಮಝಾನಿನ ಕೊನೆಯ ವಾರದಲ್ಲಿ ನಿಮ್ಮ ಪೇಟೆಯ ಆಟಿಕೆ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಮಗುವಿನ ಕೈ ಹಿಡಿದುಕೊಂಡು ತಂದೆ ಬರುತ್ತಾನೆ. ಅವನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ಬೆಲೆ? ಬಾಳಿಕೆ ಬರುತ್ತದಾ? ಸ್ವಲ್ಪ ದೀನೀ ಪ್ರಜ್ಞೆಯುಳ್ಳವನಾದರೆ ಇನ್ನೂ ಒಂದೆರಡನ್ನು ಯೋಚಿಸುತ್ತಾನೆ. ಇದರಿಂದ ಮಗುವಿನ ನಮಾಝಿಗೆ, ಓದಿಗೆ ತೊಂದರೆಯಾದೀತೇ? ಈ ಪುಸ್ತಕದಲ್ಲಿ ನಮ್ಮ ವಿಶ್ವಾಸಕ್ಕೆ ಹೊಂದದ ಸಂಗತಿಗಳಿವೆಯೇ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಜುಮಾ ಪ್ರವಚನಗಳಲ್ಲಿಯೂ ಲೇಖನಗಳಲ್ಲಿಯೂ ಇವುಗಳ ಕುರಿತು ಬೇಕಾದಷ್ಟು ಚರ್ಚೆಯಾಗಿದೆ. ಆದರೆ ಒಬ್ಬ ತಂದೆ ತನ್ನ ಮಗನಿಗೆ ಕೊಟ್ಟ ಉಡುಗೊರೆಯ ವಿಷಯ ಪ್ರವಾದಿವರ್ಯರ(ಸ) ಮುಂದೆ ಬಂದಾಗ ಅವರು ಕೇಳಿದ ಪ್ರಶ್ನೆ ಇವುಗಳಲ್ಲಿ ಯಾವುದೂ ಆಗಿರಲಿಲ್ಲ.

ಘಟನೆ ಪ್ರಸಿದ್ಧವಾದುದು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಬಶೀರ್ ಬಿನ್ ಸಅದ್(ರ) ಎಂಬ ಅನ್ಸಾರೀ ಸಹಾಬಿ ತಮ್ಮ ಮಗ ನುಅಮಾನ್‌ಗೆ ಒಂದು ಉಡುಗೊರೆ ಕೊಟ್ಟರು. ಹುಡುಗನ ತಾಯಿ ಅಮ್ರಾ ಬಿಂತ್ ರವಾಹಾ(ರ) ಬಲು ಎಚ್ಚರದ ಹೆಣ್ಣುಮಗಳು. ಪ್ರವಾದಿವರ್ಯರು(ಸ) ಸಾಕ್ಷಿಯಾಗದ ಹೊರತು ನನಗೆ ಸಮಾಧಾನವಿಲ್ಲ ಎಂದು ಪತಿಗೆ ಹೇಳಿದರು. ತನ್ನ ಮಗನಿಗೆ ಸಿಕ್ಕಿದ್ದು ಕೈತಪ್ಪಬಾರದು ಎಂಬ ತಾಯಿಯ ಕಾಳಜಿ ಅದು. ಅವರು ಹೋದರು. ಪ್ರವಾದಿವರ್ಯರು(ಸ) ಒಂದೇ ಪ್ರಶ್ನೆ ಕೇಳಿದರು. ನಿಮ್ಮ ಉಳಿದ ಮಕ್ಕಳೆಲ್ಲರಿಗೂ ಇದೇ ರೀತಿ ಕೊಟ್ಟಿದ್ದೀರಾ? ಇಲ್ಲ ಎಂದರು ಬಶೀರ್. ಹಾಗಾದರೆ ಅಲ್ಲಾಹನನ್ನು ಭಯಪಡಿರಿ, ಮಕ್ಕಳ ನಡುವೆ ನ್ಯಾಯ ಪಾಲಿಸಿರಿ, ಅನ್ಯಾಯಕ್ಕೆ ನಾನು ಸಾಕ್ಷಿ ನಿಲ್ಲಲಾರೆ ಎಂಬರ್ಥದ ಉತ್ತರ ಬಂತು. ಬಶೀರ್(ರ) ಮನೆಗೆ ಬಂದವರೇ ಆ ಉಡುಗೊರೆಯನ್ನು ಹಿಂದಕ್ಕೆ ಪಡೆದರು.

ಇಲ್ಲಿ ನೀವು ಒಂದು ಮಾತನ್ನು ಗಮನಿಸಬೇಕು. ನಾವು ಉಡುಗೊರೆಯನ್ನು ಔದಾರ್ಯದ ಲೆಕ್ಕದಲ್ಲಿ ಬರೆಯುತ್ತೇವೆ. ನನ್ನ ದುಡ್ಡು, ನನ್ನ ಮಗು, ನನ್ನ ಸಂತೋಷ. ಕೊಡದಿದ್ದರೂ ಕೇಳುವವರಿಲ್ಲ, ಕೊಟ್ಟರೆ ಪುಣ್ಯ. ಆದರೆ ಹದೀಸ್ ಅದನ್ನು ನ್ಯಾಯದ ಲೆಕ್ಕಕ್ಕೆ ವರ್ಗಾಯಿಸಿತು. ಒಂದು ಮಗುವಿಗೆ ಪ್ರೀತಿಯಿಂದ ಕೊಟ್ಟದ್ದು ಇನ್ನೊಂದು ಮಗುವಿನ ಪಾಲಿಗೆ ಅನ್ಯಾಯವಾಗಬಹುದು ಎಂದಿತು. ಕೊಟ್ಟವನು ಕೆಟ್ಟವನಲ್ಲ, ಕೊಟ್ಟ ವಸ್ತು ಹರಾಮ್ ಅಲ್ಲ, ಪಡೆದ ಹುಡುಗನ ತಪ್ಪೇನೂ ಇಲ್ಲ. ಹಾಗಿದ್ದೂ ಅದು ಅನ್ಯಾಯ.

ಇನ್ನೊಂದು ಸಂಗತಿ ನನಗೆ ಬಹಳ ವರ್ಷ ಹೊಳೆದಿರಲಿಲ್ಲ. ಈ ಹದೀಸನ್ನು ನಮಗೆ ತಲುಪಿಸಿದವರು ಯಾರು? ಉಡುಗೊರೆ ಸಿಗದ ಅಣ್ಣತಮ್ಮಂದಿರಲ್ಲ. ಸಿಕ್ಕಿದ ನುಅಮಾನರೇ(ರ). ಅದೂ ಮಿಂಬರಿನ ಮೇಲೆ ನಿಂತು, ಜನರ ಮುಂದೆ. ಹೆಚ್ಚು ಪಡೆದ ಮಗು ದೊಡ್ಡವನಾದ ಮೇಲೆ ತನಗೆ ಹೆಚ್ಚು ಸಿಕ್ಕಿತ್ತು, ಅದು ಸರಿಯಿರಲಿಲ್ಲ ಎಂದು ತಾನೇ ಹೇಳುವುದು ಸಣ್ಣ ಮಾತಲ್ಲ. ಕಡಿಮೆ ಸಿಕ್ಕಿದವರು ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತೇವೆ. ನಾನೂ ಹೆಚ್ಚು ಸಿಕ್ಕಿದ ಸಾಲಿನವನು. ಆದ್ದರಿಂದ ನನ್ನ ಸಾಕ್ಷ್ಯವನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ನಿಮ್ಮಲ್ಲಿ ಹಲವರ ಮನೆಗೆ ಆ ಸೈಕಲ್ ಬಂದಿರಬಹುದು. 2007ರಲ್ಲಿ ನನ್ನ ತಂಗಿ ಎಂಟನೆಯ ತರಗತಿಯಲ್ಲಿದ್ದಳು. ಅವಳಿಗೂ ಬಂತು. ನನಗಾಗ ಹತ್ತೊಂಬತ್ತು. ಆರು ಕಿಲೋಮೀಟರ್ ದೂರದ ಮಸೀದಿಯಲ್ಲಿ ದರ್ಸ್ ಓದುತ್ತಿದ್ದೆ, ಜೊತೆಗೆ ದೂರಶಿಕ್ಷಣದಲ್ಲಿ ಕನ್ನಡ ಬಿ.ಎ.ಗೆ ಹೆಸರು ಕೊಟ್ಟಿದ್ದೆ. ಸೈಕಲ್ ಮನೆಗೆ ಬಂದ ವಾರದಲ್ಲೇ ಉಪ್ಪ ತೀರ್ಮಾನಿಸಿದರು. ಅವಳಿಗೆ ಶಾಲೆ ಹತ್ತಿರವಿದೆ, ನಡೆದುಕೊಂಡು ಹೋಗುತ್ತಾಳೆ. ಇವನಿಗೆ ದೂರ, ಇವನು ತೆಗೆದುಕೊಳ್ಳಲಿ. ಉಮ್ಮ ಏನೂ ಹೇಳಲಿಲ್ಲ. ತಂಗಿಯೂ ಹೇಳಲಿಲ್ಲ. ಹತ್ತಿರ ಎಂದರೆ ಮೂರು ಕಿಲೋಮೀಟರ್.

ಆ ವರ್ಷವೇ ನಮಗೆ ಮಿಶ್ಕಾತ್ ಪಾಠ ನಡೆಯುತ್ತಿತ್ತು. ನುಅಮಾನರ(ರ) ಈ ಹದೀಸನ್ನು ನಾನು ಓದಿದ್ದು ಆಗಲೇ. ಪದ ಪದ ಬಿಡಿಸಿ ಅರ್ಥ ಹೇಳಿ ಉಸ್ತಾದರಿಂದ ಶಹಬ್ಬಾಸ್ ಎನಿಸಿಕೊಂಡೆ. ನಂತರ ಹೊರಗೆ ಬಂದು ತಂಗಿಯ ಸೈಕಲ್ ಹತ್ತಿ ಮನೆಗೆ ಹೋದೆ. ನಗಬೇಡಿ. ಕಿತಾಬು ತಲೆಗೆ ಹೋಗುವ ದಾರಿಯೂ ಮನಸ್ಸಿಗೆ ಹೋಗುವ ದಾರಿಯೂ ಬೇರೆ ಬೇರೆ.

ಎರಡು ವರ್ಷ ಕಳೆಯಿತು. ತಂಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಪಿಯು ಕಾಲೇಜು ಇದ್ದದ್ದು ನಾನು ಹೋಗುತ್ತಿದ್ದ ದಿಕ್ಕಿನಲ್ಲೇ, ಐದು ಕಿಲೋಮೀಟರ್. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮಳೆಗಾಲದಲ್ಲಿ ಅದರ ಗ್ಯಾರಂಟಿಯೂ ಇಲ್ಲ. ಹೋಗಿಬರುವುದು ಕಷ್ಟ ಎಂದು ಮನೆಯಲ್ಲಿ ಮಾತಾಯಿತು, ಓದು ಅಲ್ಲಿಗೇ ನಿಂತಿತು. ಸೈಕಲ್ ಇದ್ದಿದ್ದರೆ ಓದುತ್ತಿದ್ದಳು ಎಂದು ನಾನು ಆಣೆ ಮಾಡಿ ಹೇಳಲಾರೆ. ಬೇರೆ ಕಾರಣಗಳೂ ಇದ್ದವು. ಆದರೆ ಕಷ್ಟ ಎಂಬ ಆ ಮಾತು ನಡೆಯುತ್ತಿದ್ದಾಗ ಸೈಕಲ್ ಅಂಗಳದಲ್ಲೇ ನಿಂತಿತ್ತು. ಯಾರೂ ಅದರತ್ತ ನೋಡಲಿಲ್ಲ. ನಾನೂ ನೋಡಲಿಲ್ಲ.

ನನ್ನ ಬಳಿ ಒಂದು ನೆಪವೂ ಇತ್ತು. ಮಕ್ಕಳ ನಡುವಿನ ಸಮಾನತೆ ಕಡ್ಡಾಯವೋ ಅಪೇಕ್ಷಣೀಯವೋ ಎಂಬಲ್ಲಿ ಫುಕಹಾಗಳಿಗೆ ಭಿನ್ನಾಭಿಪ್ರಾಯವಿದೆ. ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಕಡ್ಡಾಯ ಎಂದರು. ನಮ್ಮ ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಅದು ಸುನ್ನತ್, ತಾರತಮ್ಯ ಮಾಡುವುದು ಕರಾಹತ್. ಹನಫೀ, ಮಾಲಿಕೀ ವಿದ್ವಾಂಸರಲ್ಲಿಯೂ ಬಹುಸಂಖ್ಯಾತರ ನಿಲುವು ಇದಕ್ಕೆ ಸಮೀಪ. ಗಂಡಿಗೂ ಹೆಣ್ಣಿಗೂ ಸಮಸಮ ಕೊಡಬೇಕೋ, ವಾರಸಿನ ಪ್ರಮಾಣದಲ್ಲಿ ಒಂದಕ್ಕೆರಡು ಕೊಡಬೇಕೋ ಎಂಬಲ್ಲಿಯೂ ಎರಡು ಮಾತಿದೆ. ಇಮಾಮ್ ಅಹ್ಮದ್ ಮತ್ತು ಹನಫೀಗಳಲ್ಲಿ ಇಮಾಮ್ ಮುಹಮ್ಮದ್ ವಾರಸಿನ ಪ್ರಮಾಣ ಎಂದರೆ, ಇಮಾಮ್ ಶಾಫಿಈ, ಇಮಾಮ್ ಮಾಲಿಕ್, ಹನಫೀಗಳಲ್ಲಿಯೇ ಇಮಾಮ್ ಅಬೂ ಯೂಸುಫ್ ಸಮಾನ ಎಂದರು. ಸ್ವಾರಸ್ಯ ನೋಡಿ. ಕಡ್ಡಾಯವಲ್ಲ ಎಂಬ ಮಾತನ್ನು ಒಂದು ಮದ್‌ಹಬಿನಿಂದ, ಒಂದಕ್ಕೆರಡು ಎಂಬ ಮಾತನ್ನು ಇನ್ನೊಂದರಿಂದ ಎತ್ತಿಕೊಂಡು ನಮ್ಮ ಮನೆಗಳಲ್ಲಿ ಒಂದು ಹೊಸ ಮದ್‌ಹಬ್ ಕಟ್ಟಿಕೊಂಡಿದ್ದೇವೆ. ಅದರಲ್ಲಿ ಮಗನಿಗೆ ಸೈಕಲ್, ಮಗಳಿಗೆ ಸಬ್ರ್.

ಅಗತ್ಯ ಬೇರೆಯಾದಾಗ ಕೊಡುವುದೂ ಬೇರೆಯಾಗಬಹುದು ಎಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ರೋಗಿ, ಅಂಗವಿಕಲ, ವಿದ್ಯಾರ್ಜನೆಯಲ್ಲಿ ತೊಡಗಿದವನು ಮುಂತಾದವರಿಗೆ ಹೆಚ್ಚು ಕೊಡುವುದಕ್ಕೆ ಅವಕಾಶವಿದೆ ಎಂದು ಇಬ್ನು ಖುದಾಮಾ(ರ) ಬರೆದಿದ್ದಾರೆ. ಒಬ್ಬನಿಗೆ ಕಣ್ಣು ಮಂಜಾದರೆ ಅವನಿಗೆ ಮಾತ್ರ ಕನ್ನಡಕ ಕೊಡಿಸುತ್ತೇವೆ, ಉಳಿದವರಿಗೂ ಕೊಡಿಸುವುದಿಲ್ಲ. ಅದು ನ್ಯಾಯವೇ. ಆದರೆ ಅಗತ್ಯವನ್ನು ಅಳೆಯುವವರು ಯಾರು? ನನ್ನ ಆರು ಕಿಲೋಮೀಟರ್ ಅಗತ್ಯವಾಯಿತು, ತಂಗಿಯ ಮೂರು ಕಿಲೋಮೀಟರ್ ಹತ್ತಿರವಾಯಿತು. ಅಳತೆಗೋಲು ಹಿಡಿದ ಕೈ ಮೊದಲೇ ಒಂದು ಕಡೆ ವಾಲಿತ್ತು.

ಹೃದಯದ ವಿಷಯ ಬೇರೆ. ಅದು ನಮ್ಮ ವಶದಲ್ಲಿಲ್ಲ. ಯೂಸುಫರ(ಅ) ಅಣ್ಣಂದಿರ ದೂರು ಅದೇ ಆಗಿತ್ತು: ತಂದೆಗೆ ಯೂಸುಫನೂ ಅವನ ತಮ್ಮನೂ ನಮಗಿಂತ ಹೆಚ್ಚು ಪ್ರಿಯರು. ಯಅಕೂಬರು(ಅ) ಪ್ರವಾದಿ. ಅವರು ಅನ್ಯಾಯ ಮಾಡಿದರೆಂದು ಯಾರೂ ಹೇಳಲಾರರು. ಆದರೂ ಆ ಭಾವನೆ ಮಕ್ಕಳ ಮನಸ್ಸಿಗೆ ಬಂದಾಗ ಏನಾಯಿತು ಎಂಬುದನ್ನು ಒಂದು ಇಡೀ ಸೂರಃ ನಮಗೆ ಹೇಳುತ್ತದೆ. ಪ್ರವಾದಿಯ ಮನೆಯಲ್ಲೇ ಹಾಗಾದರೆ ನಮ್ಮ ನಿಮ್ಮ ಮನೆಯ ಗತಿ? ಪ್ರೀತಿಯನ್ನು ತಕ್ಕಡಿಯಲ್ಲಿಟ್ಟು ಹಂಚಲು ಬರುವುದಿಲ್ಲ, ವಸ್ತುವನ್ನು ಹಂಚಲು ಬರುತ್ತದೆ. ಇಬ್ರಾಹೀಮ್ ನಖಈ(ರ) ಹೇಳಿದರೆನ್ನಲಾದ ಒಂದು ಮಾತಿದೆ: ಹಿಂದಿನವರು ಮಕ್ಕಳಿಗೆ ಮುತ್ತು ಕೊಡುವುದರಲ್ಲಿಯೂ ಸಮಾನತೆ ಬಯಸುತ್ತಿದ್ದರಂತೆ.

ಅದೇ ಸೂರಃದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಾಳೆ ಯೂಸುಫನನ್ನು ನಮ್ಮೊಂದಿಗೆ ಕಳುಹಿಸಿಕೊಡಿ, ತಿಂದು ಆಡಿಕೊಂಡಿರಲಿ ಎಂದು ಅಣ್ಣಂದಿರು ಕೇಳಿದಾಗ ತಂದೆ ತೋಳದ ಭಯವನ್ನು ಹೇಳಿದರೇ ಹೊರತು ಆಟವೇಕೆ ಎನ್ನಲಿಲ್ಲ. ಆಟವೆಂದರೆ ಸಮಯ ಹಾಳು ಎನ್ನುವ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಿಗೆ ಇಮಾಮ್ ಗಝಾಲಿಯವರ(ರ) ಇಹ್ಯಾವನ್ನು ತೋರಿಸಬೇಕು. ಪಾಠ ಮುಗಿಸಿ ಬಂದ ಮಗುವಿಗೆ ದಣಿವಾರುವಂತಹ ಒಳ್ಳೆಯ ಆಟಕ್ಕೆ ಅವಕಾಶ ಕೊಡಬೇಕು, ಆಟ ತಡೆದು ಸದಾ ಓದಿಗೆ ಹಚ್ಚಿದರೆ ಅದರ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬ ಅಭಿಪ್ರಾಯವನ್ನು ಅವರು ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಆಶೂರಾ ಉಪವಾಸದ ದಿನ ಹಸಿದು ಅಳುವ ಮಕ್ಕಳಿಗೆ ಮದೀನಾದ ತಾಯಂದಿರು ಉಣ್ಣೆಯ ಆಟಿಕೆ ಮಾಡಿ ಕೊಡುತ್ತಿದ್ದುದನ್ನು ರುಬಯ್ಯಿಅ್ ಬಿಂತ್ ಮುಅವ್ವಿಝ್(ರ) ವರದಿ ಮಾಡಿದ್ದಾರೆ. ಆಟಿಕೆಗೆ ನಮ್ಮ ದೀನಿನಲ್ಲಿ ಜಾಗವಿದೆ. ಈ ವಿಷಯವನ್ನು ಇಲ್ಲಿಗೆ ಬಿಡೋಣ.

ಯಾವ ಮಗುವಿಗೆ ಯಾವ ಆಟಿಕೆ ಎಂಬಲ್ಲಿ ಗಂಟು ಇರುವುದು. ಬೆಂಗಳೂರು–ಮೈಸೂರು ದಾರಿಯಲ್ಲಿ ಚನ್ನಪಟ್ಟಣದ ಗೊಂಬೆ ಅಂಗಡಿಗಳನ್ನು ನೀವು ನೋಡಿರುತ್ತೀರಿ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯದ ಕುಶಲಕರ್ಮಿಗಳಿಂದ ಈ ಕೆಲಸ ಇಲ್ಲಿಗೆ ಬಂತೆಂಬ ಪ್ರತೀತಿಯಿದೆ. ನಮ್ಮ ಸಮುದಾಯದ ಎಷ್ಟೋ ಮನೆಗಳ ಅನ್ನ ಅದರಲ್ಲಿದೆ. ಹಾಲೆ ಮರದ ತುಂಡನ್ನು ತಿರುಗುವ ಚರಕಿಗೆ ಸಿಕ್ಕಿಸಿ ಉಳಿ ಹಿಡಿದು ಆಕಾರ ಕೊಡುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ನಾವು ಒಮ್ಮೆ ಮಕ್ಕಳೊಂದಿಗೆ ಅಲ್ಲಿ ಇಳಿದೆವು. ನಾನು ಯೋಚಿಸದೆಯೇ ಮಗನ ಕೈಗೆ ಗಾಡಿಯನ್ನೂ ಮಗಳ ಕೈಗೆ ಪುಟ್ಟ ಅಡುಗೆ ಸಾಮಾನುಗಳ ಪೆಟ್ಟಿಗೆಯನ್ನೂ ಕೊಟ್ಟೆ. ಬೆಲೆ ಹೆಚ್ಚುಕಡಿಮೆ ಒಂದೇ. ಒಂದೇ ಮರ, ಒಂದೇ ಅರಗು. ಲೆಕ್ಕ ಸರಿಹೋಯಿತು ಎಂದುಕೊಂಡೆ. ದಾರಿಯುದ್ದಕ್ಕೂ ಮಗ ಗಾಡಿಯನ್ನು ಕಿಟಕಿಯ ಅಂಚಿನಲ್ಲಿ ಓಡಿಸಿದ. ಮಗಳು ಪೆಟ್ಟಿಗೆಯ ಮುಚ್ಚಳ ತೆಗೆದು ಅದಕ್ಕೆ ನಾಲ್ಕು ಚಕ್ರ ಸಿಗಬಹುದೇ ಎಂದು ಕೇಳಿದಳು.

ನಮ್ಮ ಮದ್ರಸಗಳಲ್ಲಿಯೂ ಇದೇ ಕಥೆ. ವಾರ್ಷಿಕೋತ್ಸವದಲ್ಲಿ ಗಂಡುಮಕ್ಕಳಿಗೆ ಷಟಲ್ ಬ್ಯಾಟು, ಹೆಣ್ಣುಮಕ್ಕಳಿಗೆ ಸ್ಟೀಲ್ ತಟ್ಟೆ. ಹಲವು ವರ್ಷ ನಾನೇ ಪಟ್ಟಿ ಮಾಡಿ ಪೇಟೆಯಿಂದ ತಂದಿದ್ದೇನೆ. ಒಂದು ವರ್ಷ ಕುರ್‌ಆನ್ ಪಾರಾಯಣದಲ್ಲಿ ಮೊದಲ ಸ್ಥಾನ ಪಡೆದ ಏಳು ವರ್ಷದ ಹುಡುಗಿ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಉಸ್ತಾದ್, ಇದು ನನಗಾ, ಉಮ್ಮನಿಗಾ?” ಎಂದು ಕೇಳಿದಳು. ಎದುರಿಗಿದ್ದವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಪುಸ್ತಕದ ವಿಷಯಕ್ಕೆ ಬರೋಣ. ಕನ್ನಡ ಓದಿದವನಾದ್ದರಿಂದ ಇಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಮಕ್ಕಳಿಗಾಗಿ ಪಂಜೆ ಮಂಗೇಶರಾಯರು ಬರೆದದ್ದಿದೆ, ಶಿವರಾಮ ಕಾರಂತರ ‘ಬಾಲಪ್ರಪಂಚ’ವಿದೆ, ಕುವೆಂಪು ಕನ್ನಡಕ್ಕೆ ತಂದ ಕಿಂದರಿಜೋಗಿಯಿದ್ದಾನೆ. ಕೊಟ್ಟ ಮಾತಿಗೆ ದೊಡ್ಡವರು ತಪ್ಪಿದರೆ ಬೆಲೆ ತೆರುವವರು ಮಕ್ಕಳು ಎಂಬುದನ್ನು ಆ ಕಥೆಗಿಂತ ಚೆನ್ನಾಗಿ ಹೇಳುವುದು ಕಷ್ಟ. ಕನ್ನಡ ಕಥೆ ಪುಸ್ತಕ ಎಂದೊಡನೆ ಹುಬ್ಬು ಗಂಟಿಕ್ಕುವ ತಂದೆ ತಾಯಂದಿರೇ, ಒಮ್ಮೆ ನೀವೇ ಓದಿ ನೋಡಿ, ಆಮೇಲೆ ತೀರ್ಮಾನಿಸಿ. ನಮ್ಮದೇ ಇಸ್ಲಾಮೀ ಬಾಲಸಾಹಿತ್ಯದ ಬಗ್ಗೆಯೂ ಒಂದು ಮಾತು ಹೇಳಬೇಕು. ವಿಷಯ ಚೆನ್ನಾಗಿರುತ್ತದೆ, ಆದರೆ ಎಷ್ಟೋ ಪುಸ್ತಕಗಳ ಭಾಷೆ ದೊಡ್ಡವರಿಗೇ ಗಂಟಲಲ್ಲಿ ಇಳಿಯದು. ಒಳ್ಳೆಯ ಮಾತನ್ನು ಕೆಟ್ಟ ಕನ್ನಡದಲ್ಲಿ ಹೇಳುವುದೂ ಮಗುವಿಗೆ ಮಾಡುವ ಒಂದು ಅನ್ಯಾಯ. ಇರಲಿ.

ಎರಡು ಈದ್‌ಗಳ ಹಿಂದೆ ಮಗನಿಗೆ ಗ್ರಹ ತಾರೆಗಳ ಕುರಿತ ಬಣ್ಣದ ಚಿತ್ರಗಳ ದೊಡ್ಡ ಪುಸ್ತಕ ತಂದೆ. ಮಗಳಿಗೆ ಆದರ್ಶ ಮಹಿಳೆಯರ ಕುರಿತ ಒಂದು ತೆಳ್ಳನೆಯ ಪುಸ್ತಕ ತಂದೆ. ಅದು ಕೆಟ್ಟ ಪುಸ್ತಕವಲ್ಲ. ಕೆಲವು ತಿಂಗಳ ನಂತರ ಕಪಾಟು ಒರೆಸುವಾಗ ಮಗನ ಪುಸ್ತಕ ಕೈಗೆ ಸಿಕ್ಕಿತು. ಅದರ ಮೊದಲ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಆದರೆ ಚಂದ್ರನ ಅಧ್ಯಾಯದ ನಡುವೆ ಒಂದು ಕೂದಲಿನ ಕ್ಲಿಪ್ಪು ಇತ್ತು. ಅಮಾವಾಸ್ಯೆಯ ನಂತರ ಬಾಲಚಂದ್ರ ಏಕೆ ಸೂರ್ಯಾಸ್ತದ ಹತ್ತಿರವೇ ಕಾಣುತ್ತಾನೆ ಎಂಬ ಪುಟ. ನಾವು ದೊಡ್ಡವರು ರಮಝಾನಿನ ಚಂದ್ರದರ್ಶನದ ಬಗ್ಗೆ ಪ್ರತಿ ವರ್ಷ ಜಗಳವಾಡುತ್ತೇವಲ್ಲ, ಆ ವಿಷಯ. ಕೇಳಿದಾಗ ಅವಳು ಹೆದರಿದಳು. ತಮ್ಮನ ಪುಸ್ತಕ ಮುಟ್ಟಿದ್ದಕ್ಕೆ ಬೈಯುತ್ತಾರೆಂದು. ಮನೆಯ ಒಂದು ಪುಸ್ತಕವನ್ನು ಮಗು ಕದ್ದು ಓದಬೇಕಾಗಿ ಬಂದದ್ದು ನನ್ನ ಕಣ್ಣಿಗೆ ಬಿದ್ದದ್ದು ಆ ಕ್ಲಿಪ್ಪಿನಿಂದ.

ಹಾಗಾದರೆ ಇಬ್ಬರಿಗೂ ಒಂದೇ ತರಹದ್ದು ಕೊಡಬೇಕೇ, ಹೆಣ್ಣುಮಕ್ಕಳು ಗೊಂಬೆ ಆಡಬಾರದೇ ಎಂದು ನೀವು ಕೇಳಬಹುದು. ಖಂಡಿತ ಆಡಲಿ. ಆಯಿಶಾ(ರ) ಅವರು ಗೊಂಬೆಗಳೊಂದಿಗೆ ಆಡುತ್ತಿದ್ದರು. ಪ್ರವಾದಿವರ್ಯರು(ಸ) ಒಳಗೆ ಬಂದಾಗ ನಾಚಿ ಅಡಗಿಕೊಳ್ಳುತ್ತಿದ್ದ ಗೆಳತಿಯರನ್ನು ಆಡಲು ಅವರೇ ಮರಳಿ ಕಳುಹಿಸುತ್ತಿದ್ದರು. ಅಬೂ ದಾವೂದ್‌ನಲ್ಲಿರುವ ಘಟನೆಯನ್ನು ನೆನಪಿಸಿಕೊಳ್ಳಿ. ಗಾಳಿಗೆ ಪರದೆ ಸರಿದು ಗೊಂಬೆಗಳು ಕಂಡವು. ನಡುವೆ ಬಟ್ಟೆಯ ಚೂರುಗಳಿಂದ ಮಾಡಿದ ರೆಕ್ಕೆಗಳಿದ್ದ ಒಂದು ಕುದುರೆ. ಇದೇನು ಎಂದು ಪ್ರವಾದಿವರ್ಯರು(ಸ) ಕೇಳಿದರು. ಕುದುರೆ ಎಂದರು ಆಯಿಶಾ(ರ). ಕುದುರೆಗೆ ರೆಕ್ಕೆಯೇ? ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದಾಗ ಪ್ರವಾದಿವರ್ಯರು(ಸ) ದವಡೆ ಹಲ್ಲು ಕಾಣುವಂತೆ ನಕ್ಕರು. ಗೊಂಬೆಗಳ ಸಾಲಿನ ನಡುವೆ ಹಾರುವ ಕುದುರೆಯೊಂದನ್ನು ಯಾರೂ ತೆಗೆದು ಪಕ್ಕಕ್ಕಿಡಲಿಲ್ಲ, ಇದು ನಿನ್ನ ಆಟವಲ್ಲ ಎನ್ನಲಿಲ್ಲ. ಇದೇನು ಎಂದು ಕೇಳಿದರು, ಉತ್ತರ ಆಲಿಸಿದರು. ನಾವು ಉಡುಗೊರೆ ಕೊಡುವಾಗ ಕೇಳುವುದೇ ಇಲ್ಲ. ಮಗನನ್ನಾದರೂ ಒಮ್ಮೊಮ್ಮೆ ಕೇಳುತ್ತೇವೆ, ಏಕೆಂದರೆ ಅವನು ಹಟ ಮಾಡುತ್ತಾನೆ. ಹಟ ಮಾಡದಂತೆ ಬೆಳೆಸಿದ ಮಗಳಿಗೆ ನಾವೇ ಆರಿಸುತ್ತೇವೆ. ನಂತರ ಅವಳಿಗೆ ಅದೇ ಇಷ್ಟ ಎನ್ನುತ್ತೇವೆ. ಸಮಾನತೆ ಎಂದರೆ ಒಂದೇ ವಸ್ತುವಲ್ಲ, ಒಂದೇ ಬೆಲೆಯೂ ಅಲ್ಲ ಎಂದೇ ನನಗೆ ತೋರುತ್ತದೆ. ಇಬ್ಬರನ್ನೂ ಕೇಳಿದೆವೇ, ಕೇಳಿದ್ದನ್ನು ಇಬ್ಬರಿಗೂ ಒಂದೇ ಗಂಭೀರತೆಯಿಂದ ತೂಗಿದೆವೇ ಎಂಬುದು ಅದರ ಮೊದಲ ಮೆಟ್ಟಿಲು.

ಮಗಳು ಕೇಳಿದರೆ ನಮ್ಮ ಬಾಯಲ್ಲಿ ಸಿದ್ಧವಾಗಿರುವ ಉತ್ತರ: ಮುಂದಿನ ವರ್ಷ ನೋಡೋಣ. ಪುಟ್ಟ ಮಗುವನ್ನು ಏನೋ ಕೊಡುತ್ತೇನೆಂದು ಕರೆದ ತಾಯಿಯೊಬ್ಬರನ್ನು ಪ್ರವಾದಿವರ್ಯರು(ಸ) ಏನು ಕೊಡಲಿದ್ದಿ ಎಂದು ವಿಚಾರಿಸಿದರು. ಖರ್ಜೂರ ಎಂದರು ಆಕೆ. ಏನೂ ಕೊಡದೆ ಇದ್ದಿದ್ದರೆ ನಿನ್ನ ಮೇಲೆ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ತಿಳಿಸಿದರು. ಒಂದು ಖರ್ಜೂರಕ್ಕೆ ಇಷ್ಟು ಲೆಕ್ಕವಾದರೆ ನಮ್ಮ ‘ಮುಂದಿನ ವರ್ಷ’ಗಳನ್ನೆಲ್ಲ ಎಲ್ಲಿ ಬರೆದಿಟ್ಟಿದ್ದಾರೋ.

2020ರಲ್ಲಿ ಕೊರೋನಾದಿಂದ ಶಾಲೆ, ಮದ್ರಸಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಈ ತಕ್ಕಡಿ ಎಲ್ಲರ ಕಣ್ಣಿಗೂ ಬೀಳುವಂತಾಯಿತು. ಹೆಚ್ಚಿನ ಮನೆಗಳಲ್ಲಿ ಒಂದೇ ಫೋನು. ನನ್ನ ತರಗತಿಯ ಹುಡುಗರ ಉತ್ತರಗಳು ಸಂಜೆಯೊಳಗೆ ಬರುತ್ತಿದ್ದವು. ಅಣ್ಣಂದಿರಿದ್ದ ಹುಡುಗಿಯರ ಉತ್ತರ ಬರುತ್ತಿದ್ದುದು ರಾತ್ರಿ ಹತ್ತರ ನಂತರ. ಅಣ್ಣನ ಪಾಠ ಮುಗಿದು, ಅಣ್ಣನ ಆಟವೂ ಮುಗಿದ ಮೇಲೆ. ಆ ಹೊತ್ತಿಗೆ ಬರೆದು ಕಳುಹಿಸಿದ ಆ ಅಕ್ಷರಗಳನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿ.

ಬಶೀರರ(ರ) ಹದೀಸಿನ ಇನ್ನೊಂದು ವರದಿಯಲ್ಲಿ ಪ್ರವಾದಿವರ್ಯರು(ಸ) ಕೇಳುತ್ತಾರೆ: ಮಕ್ಕಳೆಲ್ಲರೂ ನಿಮ್ಮೊಂದಿಗೆ ಸಮಾನವಾಗಿ ಒಳ್ಳೆಯವರಾಗಿರಬೇಕೆಂದು ನಿಮಗೆ ಆಸೆಯಿಲ್ಲವೇ? ನಮ್ಮ ಉಪ್ಪ ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಿದ್ದಾಗ ತಿಂಗಳುಗಟ್ಟಲೆ ಬಂದು ನೋಡಿಕೊಂಡವಳು ತಂಗಿ. ಸೈಕಲ್ ಹೋದ ಕಾರಣಕ್ಕೆ ಅವಳು ಒಂದು ದಿನವೂ ಕಡಿಮೆ ಮಾಡಲಿಲ್ಲ. ಅದು ಅವಳ ದೊಡ್ಡತನ. ಅದನ್ನು ನಮ್ಮ ತೀರ್ಮಾನ ಸರಿಯಾಗಿತ್ತೆಂಬುದಕ್ಕೆ ಪುರಾವೆ ಮಾಡಿಕೊಳ್ಳಲು ನನಗೆ ಹಕ್ಕಿಲ್ಲ.

ಬಶೀರರು(ರ) ಅಂದೇ ಹಿಂದಕ್ಕೆ ಪಡೆದರು. ಹದಿನೆಂಟು ವರ್ಷ ಕಳೆದ ಮೇಲೆ ಹಿಂದಕ್ಕೆ ಕೊಡುವುದು ಹೇಗೆ? ಮನುಷ್ಯರ ಹಕ್ಕನ್ನು ಆ ಮನುಷ್ಯರೇ ಮನ್ನಿಸಬೇಕು ಎಂದು ನಾನೇ ಮಕ್ಕಳಿಗೆ ಪಾಠ ಹೇಳುತ್ತೇನೆ. ಕಳೆದ ಈದ್‌ನ ಮರುದಿನ ತಂಗಿಯ ಮನೆಗೆ ಹೋದವನು ಊಟದ ನಂತರ ಹೇಗೋ ವಿಷಯ ಎತ್ತಿದೆ. ಆ ಸೈಕಲ್ ನಿನ್ನದಾಗಿತ್ತು, ನಾನು ತೆಗೆದುಕೊಳ್ಳಬಾರದಿತ್ತು, ಮಾಫ್ ಮಾಡು ಎಂದೆ. ಅವಳು ಮೊದಲು ನಕ್ಕಳು. ನಂತರ, ಅದನ್ನು ಶಾಲೆಯಿಂದ ತಳ್ಳಿಕೊಂಡು ಬಂದ ದಿನ ದಾರಿಯಲ್ಲಿ ಮೂರು ಸಲ ನಿಲ್ಲಿಸಿ ಗಂಟೆ ಬಾರಿಸಿದ್ದನ್ನು ಹೇಳಿದಳು. ಓಡಿಸಲು ಬರುತ್ತಿರಲಿಲ್ಲವಂತೆ, ಕಲಿಯಬೇಕೆಂದಿದ್ದಳಂತೆ. ಮಾಫ್ ಎಂದೋ ಆಗಿದೆ ಎಂದಳು.

ನಾನು ಹೊರಡುವಾಗ ಚಪ್ಪಲಿಯ ಹತ್ತಿರದವರೆಗೆ ಬಂದು ಕೇಳಿದಳು: “ನಿಮ್ಮ ಮಗಳಿಗೆ ಸೈಕಲ್ ಉಂಟಾ?”

ಮನೆಯಲ್ಲಿ ಒಂದು ಉಂಟು ಎಂದೆ. ಅದನ್ನು ಯಾರು ಓಡಿಸುತ್ತಾರೆಂದು ಅವಳು ಕೇಳಲಿಲ್ಲ.